ಗಾಳಕ್ಕೆ ಕಟ್ಟಿದ ಹುಳು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ಹೆಸರುಗಳನ್ನು ಒಟ್ಟಿಗೆ ಕೇಳಿದೊಡನೆ ಶ್ರೋತೃಗಳ ಮನಸ್ಸಿನಲ್ಲಿ ಏಳುವ ಚಿತ್ರ ಬಂಡೆಬೆಟ್ಟದ್ದು, ಪಾಳುಬಿದ್ದ ಕೋಟೆಯದು, ಕಡಲೆಕಾಯಿಯ ಹೊಲದ್ದು, ಮಳೆಗಾಗಿ ಮುಗಿಲ ಕಡೆ ನೋಡುತ್ತಿರುವ ರೈತನದು. ಮೀನಿನ ಚಿತ್ರವಂತೂ ಯಾರ ಕಣ್ಣಿಗೂ ಕಟ್ಟಲಾರದು. ಆ ಸೀಮೆಯವರೊಬ್ಬರು ಈ ಸಂಜೆ ನಿಮ್ಮ ಮುಂದೆ ಬಂದು, ಗಾಳಕ್ಕೆ ಗರಿ ಮತ್ತು ನೂಲಿನಿಂದ ಹುಳುವನ್ನು ಕಟ್ಟುವ ಕಲೆಯನ್ನು ಕುರಿತು ಮಾತನಾಡುತ್ತೇವೆಂದರೆ, ನೀರಿಲ್ಲದ ಊರಿನಲ್ಲಿ ದೋಣಿ ಮಾರಲು ಬಂದವರಂತೆ ನಾವು ಕಂಡರೆ ಆಶ್ಚರ್ಯವಿಲ್ಲ. ಆದರೂ ಸ್ವಲ್ಪ ಹೊತ್ತು ತಾಳ್ಮೆಯಿಂದ ಕೇಳಬೇಕೆಂದು ಬೇಡುತ್ತೇವೆ. ನಾವು ಹೇಳಬೇಕಾದುದು ಮೀನಿನ ವಿಚಾರಕ್ಕಿಂತ ಹೆಚ್ಚಾಗಿ ನಮ್ಮ ವಿದ್ಯೆಯ ವಿಚಾರ.

ಈ ಹವ್ಯಾಸ ನಮಗೆ ಅಂಟಿಕೊಂಡದ್ದು ಹೀಗೆ. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಅಮೆರಿಕದಲ್ಲಿ ಉದ್ಯೋಗದಲ್ಲಿರುವವನು, ಊರಿಗೆ ಬಂದಾಗ ನಮಗೊಂದು ಪುಟ್ಟ ಡಬ್ಬಿಯನ್ನು ತಂದುಕೊಟ್ಟನು. ತೆರೆದು ನೋಡಿದರೆ ಅದರಲ್ಲಿ ಇಪ್ಪತ್ತು ಮೂವತ್ತು ಹುಳುಗಳು. ಕೆಂಪು, ಬಿಳುಪು, ಕಂದು ಬಣ್ಣದವು. ಬೆರಳಿನಿಂದ ಮುಟ್ಟಿದಾಗಲೇ ತಿಳಿದದ್ದು, ಅವು ಹುಳುಗಳಲ್ಲ, ಹುಂಜದ ಗರಿಯನ್ನೂ ರೇಷ್ಮೆಯನ್ನೂ ಸುತ್ತಿದ ಗಾಳಗಳು ಎಂದು. ಅವು ಅಲ್ಲಿಯ ಬ್ರೂಕ್ ಟ್ರೌಟ್ ಎಂಬ ಮೀನಿಗೆಂದು ಕಟ್ಟಿದವಂತೆ. ಇಂಗ್ಲಿಷ್ ಸಾಹಿತ್ಯವನ್ನು ಓದಿ ಬೆಳೆದ ನಮಗೆ ಟ್ರೌಟ್ ಎಂಬ ಹೆಸರು ಕಾವ್ಯಗಳಲ್ಲಿ ಬರುವ ನೈಟಿಂಗೇಲಿನಷ್ಟೇ ಪರಿಚಿತ, ಅಷ್ಟೇ ಅಪರಿಚಿತ. ಆ ರಾತ್ರಿಯೇ ಒಂದನ್ನು ಬಿಚ್ಚಿ ನೋಡಿದೆವು. ಮರುದಿನ ಮತ್ತೆ ಕಟ್ಟಲು ಕುಳಿತೆವು.

ಈ ಬ್ರೂಕ್ ಟ್ರೌಟ್ ಎಂಬುದು ಉತ್ತರ ಅಮೆರಿಕದ ಪೂರ್ವಭಾಗದ ತೊರೆಗಳ ಮೀನು. ಹೆಸರು ಟ್ರೌಟ್ ಆದರೂ ಪ್ರಾಣಿಶಾಸ್ತ್ರಜ್ಞರು ಇದನ್ನು ಚಾರ್ ಎಂಬ ಹತ್ತಿರದ ಬಳಗಕ್ಕೆ ಸೇರಿಸುತ್ತಾರೆ. ೧೮೧೪ರಲ್ಲಿ ಮಿಚಿಲ್ ಎಂಬ ವಿದ್ವಾಂಸನು ಇದಕ್ಕೆ ಇಟ್ಟ ಶಾಸ್ತ್ರೀಯ ನಾಮದಲ್ಲಿರುವ ಫಾಂಟಿನಾಲಿಸ್ ಎಂಬ ಮಾತಿಗೆ ‘ಊಟೆಯ ನೀರಿನದು’ ಎಂದು ಅರ್ಥ. ಬೆನ್ನಿನ ಮೇಲೆ ಹುಳು ಹರಿದಂಥ ರೇಖೆಗಳು, ಪಕ್ಕದಲ್ಲಿ ನೀಲಿ ಬಳೆ ತೊಟ್ಟ ಕೆಂಪು ಚುಕ್ಕೆಗಳು, ಕೆಳಗಿನ ಈಜುರೆಕ್ಕೆಗಳಿಗೆ ಬಿಳಿಯ ಅಂಚು. ಇದು ಅದರ ಅಲಂಕಾರ. ತಣ್ಣೀರಿಲ್ಲದೆ ಅದು ಬದುಕಲಾರದು. ನೀರು ತಣ್ಣಗಿದ್ದಷ್ಟೂ ಅದರಲ್ಲಿ ಪ್ರಾಣವಾಯು ಹೆಚ್ಚು ಕರಗಿರುತ್ತದೆ. ೧೦ ಡಿಗ್ರಿ ಸೆಂಟಿಗ್ರೇಡಿನ ಒಂದು ಲೀಟರ್ ನೀರು ಸುಮಾರು ೧೧ ಮಿಲಿಗ್ರಾಂ ಹಿಡಿದರೆ, ೩೦ ಡಿಗ್ರಿಯ ನೀರು ಏಳೂವರೆಯಷ್ಟನ್ನು ಮಾತ್ರ ಹಿಡಿಯಬಲ್ಲುದು. ನಮ್ಮ ಕೆರೆಗಳ ಬೇಸಗೆಯ ನೀರಿನಲ್ಲಿ ಈ ಅತಿಥಿ ಒಂದು ದಿನವೂ ಉಳಿಯಲಾರದು. ದಕ್ಷಿಣದೇಶದಲ್ಲಿ ಟ್ರೌಟ್ ಜಾತಿಯ ಮೀನು ನೆಲೆಯೂರಿದ್ದು ನೀಲಗಿರಿಯಂಥ ಎತ್ತರದ ತಂಪಿನಲ್ಲಿ ಮಾತ್ರ. ಅಲ್ಲಿಯೂ ೧೮೬೦ರ ದಶಕದಲ್ಲಿ ಫ್ರಾನ್ಸಿಸ್ ಡೇ ಎಂಬ ಮತ್ಸ್ಯಶಾಸ್ತ್ರಜ್ಞನ ಪ್ರಯತ್ನ ವಿಫಲವಾಗಿ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಿಲ್ಸನ್ ಎಂಬಾತನ ಕಾಲಕ್ಕೆ ಕೈಗೂಡಿತು.

ಇನ್ನು ಕಟ್ಟುವ ಕಲೆ. ಇದು ಬಹು ಹಳೆಯದು. ಕ್ರಿಸ್ತಶಕ ೨೦೦ರ ಸುಮಾರಿನಲ್ಲಿದ್ದ ಈಲಿಯನ್ ಎಂಬ ಗ್ರಂಥಕಾರನು, ಮ್ಯಾಸಿಡೋನಿಯಾ ದೇಶದ ಒಂದು ನದಿಯಲ್ಲಿ ಜನರು ಗಾಳಕ್ಕೆ ಕೆಂಪು ಉಣ್ಣೆಯನ್ನು ಸುತ್ತಿ, ಹುಂಜದ ಜೊಲ್ಲೆಯ ಕೆಳಗಿನ ಮೇಣದ ಬಣ್ಣದ ಎರಡು ಗರಿಗಳನ್ನು ಸಿಕ್ಕಿಸಿ ಮೀನು ಹಿಡಿಯುತ್ತಿದ್ದುದನ್ನು ವರ್ಣಿಸಿದ್ದಾನೆ. ಅಲ್ಲಿಯ ಮೀನು ಒಂದು ಬಗೆಯ ನೊಣವನ್ನು ತಿನ್ನುತ್ತಿತ್ತು. ಆ ನೊಣವನ್ನು ಕೈಯಿಂದ ಮುಟ್ಟಿದರೆ ಅದರ ಬಣ್ಣಗೆಟ್ಟು ಮೀನಿಗೆ ಬೇಡವಾಗುತ್ತಿತ್ತು. ಆದಕಾರಣ ಈ ಉಪಾಯ. ನಮ್ಮವರೂ ಈ ವಿನೋದಕ್ಕೆ ಹೊರತಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವೇ ಉಂಟು. ಯಾವ ಮೀನಿಗೆ ಯಾವ ಎರೆ, ಗಾಳ ಹೇಗಿರಬೇಕು, ದಾರ ಹೇಗಿರಬೇಕು ಎಂಬುದನ್ನೆಲ್ಲ ಕನ್ನಡ ನಾಡಿನ ಅರಸನು ರಾಜಭೋಗಗಳ ಸಾಲಿನಲ್ಲಿಟ್ಟು ವಿವರಿಸಿದ್ದಾನೆ. ಇಂಗ್ಲೆಂಡಿನಲ್ಲಿ ೧೪೯೬ರಲ್ಲಿ ಅಚ್ಚಾದ ಗಾಳದ ಬೇಟೆಯ ಗ್ರಂಥವೊಂದು ಹನ್ನೆರಡು ಕೃತ್ರಿಮ ನೊಣಗಳನ್ನು ತಿಂಗಳುಗಳಿಗೆ ಅನುಸಾರವಾಗಿ ಹೇಳುತ್ತದೆ. ಈ ‘ತಿಂಗಳುಗಳಿಗೆ ಅನುಸಾರವಾಗಿ’ ಎಂಬ ಮಾತನ್ನು ಶ್ರೋತೃಗಳು ನೆನಪಿನಲ್ಲಿಡಬೇಕು. ಮುಂದೆ ಅದು ಬೇಕಾಗುತ್ತದೆ.

ಕಟ್ಟುವುದಕ್ಕೆ ಬೇಕಾದ ಉಪಕರಣಗಳು ಅಲ್ಪ. ಗಾಳವನ್ನು ಅಲುಗದಂತೆ ಕಚ್ಚಿ ಹಿಡಿಯುವ, ಮೇಜಿಗೆ ಬಿಗಿದ ಒಂದು ಸಣ್ಣ ಇಕ್ಕಳ, ಚೂಪಾದ ಕತ್ತರಿ, ಸೂಜಿ, ಮೇಣ ಹಚ್ಚಿದ ತೆಳುದಾರ. ಗಾಳಗಳಿಗೆ ನಂಬರುಗಳಿವೆ; ನಂಬರು ಏರಿದಂತೆ ಗಾಳ ಚಿಕ್ಕದಾಗುತ್ತದೆ. ಮೊದಲು ಗಾಳದ ಕಾಂಡದ ಮೇಲೆ ದಾರವನ್ನು ಒತ್ತಾಗಿ ಸುತ್ತಬೇಕು. ಬಳಿಕ ಬಾಲಕ್ಕೆ ಗರಿಯ ನಾಲ್ಕೆಳೆ. ಮೈಗೆ ಉಣ್ಣೆಯನ್ನು ಹಿಂಜಿ, ಮೇಣದ ದಾರಕ್ಕೆ ಬೆರಳಿನಿಂದ ಹೊಸೆದು, ಆ ದಾರವನ್ನೇ ಕಾಂಡಕ್ಕೆ ಸುತ್ತಬೇಕು. ಕಡೆಗೆ ಹುಂಜದ ಕತ್ತಿನ ಗರಿಯೊಂದನ್ನು ತಲೆಯ ಬಳಿ ಸುತ್ತಿದರೆ ಅದರ ಎಳೆಗಳು ಚಕ್ರದ ಅರೆಗಳಂತೆ ಹರಡಿಕೊಂಡು ಕಾಲುಗಳಾಗುತ್ತವೆ. ಗಂಟು ಹಾಕಿ ತಲೆಗೆ ಒಂದು ಹನಿ ಅರಗಿನ ವಾರ್ನಿಷ್ ಮುಟ್ಟಿಸಿದರೆ ಕೆಲಸ ಮುಗಿಯಿತು. ಹುಂಜದ ಬಿರುಸಾದ ಗರಿ ನೀರಿನ ಮೇಲ್ಪೊರೆಯನ್ನು ಒತ್ತಿ ನಿಂತು ಹುಳುವನ್ನು ತೇಲಿಸುತ್ತದೆ. ಹೇಂಟೆಯ ಮೃದುವಾದ ಗರಿ ನೆನೆದು ಮುಳುಗಿ ನೀರಿನೊಳಗೆ ಉಸಿರಾಡುವಂತೆ ಆಡುತ್ತದೆ. ಒಂದು ತೇಲುಹುಳು, ಮತ್ತೊಂದು ಮುಳುಗುಹುಳು.

ಜಿಗ್ ಎಂಬುದು ಇವುಗಳ ದಾಯಾದಿ. ಅದರ ಗಾಳದ ಕಣ್ಣು ಕಾಂಡಕ್ಕೆ ಲಂಬವಾಗಿ ಬಾಗಿರುತ್ತದೆ. ಅಲ್ಲಿಯೇ ಸೀಸದ ಗುಂಡೊಂದನ್ನು ಎರಕ ಹೊಯ್ದು ತಲೆ ಮಾಡಿ, ಹಿಂದಕ್ಕೆ ಕೂದಲನ್ನೋ ಗರಿಯನ್ನೋ ಕಟ್ಟುತ್ತಾರೆ. ಭಾರವು ಹೀಗೆ ಕೂರುವುದರಿಂದ ಗಾಳದ ಮೊನೆ ಮೇಲ್ಮುಖವಾಗಿ ನಿಂತು, ತಳದ ಕಲ್ಲಿಗೆ, ಬೇರಿಗೆ ಸಿಕ್ಕಿಕೊಳ್ಳುವುದು ಕಡಮೆ. ಕೋಲನ್ನು ಎತ್ತಿ ಇಳಿಸಿದಂತೆ ಅದು ನೆಗೆದು ಬೀಳುತ್ತದೆ. ಮೀನಿಗೆ ಗಾಯಗೊಂಡ ಮರಿಯಂತೆ ತೋರುತ್ತದೆ.

ಹೀಗೆ ಒಂದು ಮಳೆಗಾಲವೆಲ್ಲ ಮನೆಯಲ್ಲಿ ಕುಳಿತು ಕಟ್ಟಿದೆವು. ನಮ್ಮ ಹೆಮ್ಮೆಯ ಕೃತಿ ‘ಪಾರ್ಮಚೀನ್ ಬೆಲ್’ ಎಂಬ ಕೆಂಪು ಬಿಳುಪಿನ ಸುಂದರಿ. ಬ್ರೂಕ್ ಟ್ರೌಟಿಗೆಂದು ಅಮೆರಿಕದ ಹೆನ್ರಿ ವೆಲ್ಸ್ ಎಂಬಾತನು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕಲ್ಪಿಸಿದ್ದು ಅದು. ಇನ್ನು ಪ್ರಯೋಗವಾಗಬೇಕಲ್ಲ! ಕೆರೆಯ ಮೀನಿನ ಗುತ್ತಿಗೆ ಹಿಡಿದವರ ಒಪ್ಪಿಗೆ ಪಡೆದು, ಮಧುಗಿರಿಯಿಂದ ಕೆಲವು ಮೈಲಿ ದೂರದ ಒಂದು ಕೆರೆಯ ಏರಿಯ ಮೇಲೆ, ತೂಬಿನ ಪಕ್ಕದಲ್ಲಿ ಕೋಲು ಹಿಡಿದು ಕುಳಿತೆವು. ಒಂದು ಗಂಟೆಯಾಯಿತು, ಎರಡಾಯಿತು. ನಮ್ಮ ಸುಂದರಿಯನ್ನು ಕೆರೆಯ ಒಂದು ಜೀವವೂ ಕಣ್ಣೆತ್ತಿ ನೋಡಲಿಲ್ಲ. ಹತ್ತು ಮಾರಿನಾಚೆ ಒಬ್ಬ ವೃದ್ಧರು ಬಿದಿರುಕೋಲಿಗೆ ದಾರ ಕಟ್ಟಿ, ನವಿಲುಗರಿಯ ದಂಟನ್ನು ಬೆಂಡು ಮಾಡಿಕೊಂಡು, ಗೆಂಡೆಮೀನುಗಳನ್ನು ಒಂದೊಂದಾಗಿ ಎತ್ತಿ ಕುಕ್ಕೆಗೆ ಹಾಕುತ್ತಿದ್ದರು. ಕೊನೆಗೆ ಅವರಿಗೇ ಕನಿಕರ ಹುಟ್ಟಿರಬೇಕು, ಎದ್ದು ಬಂದು ನಮ್ಮ ಗಾಳವನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿ, “ಚೆನ್ನಾಗ್ ಮಾಡಿದೀರ ಮೇಷ್ಟ್ರೇ. ಇದು ಯಾವೂರ ಹುಳ?” ಎಂದು ಕೇಳಿದರು.

ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಉತ್ತರವಿದ್ದಿದ್ದರೆ ಇನ್ನೂ ನಾಚಿಕೆ. ಏಕೆಂದರೆ ಅದು ಹುಳುವೇ ಅಲ್ಲ; ಅಮೆರಿಕದ ಮೇನ್ ಸಂಸ್ಥಾನದ ಪಾರ್ಮಚೀನಿ ಎಂಬ ಸರೋವರದ ಹೆಸರನ್ನು ಹೊತ್ತು, ಅಲ್ಲಿಯ ಬ್ರೂಕ್ ಟ್ರೌಟಿನ ಈಜುರೆಕ್ಕೆಯ ಬಣ್ಣಗಳನ್ನು ಅನುಕರಿಸಿದ್ದು. ಆ ನೀರಿನಲ್ಲಿ ಅದಕ್ಕೆ ಅರ್ಥವುಂಟು. ನಮ್ಮ ಕೆರೆಯಲ್ಲಿ ಏನರ್ಥ? ಇಂಗ್ಲೆಂಡಿನ ಹೊಳೆಗಳಲ್ಲಿ ಏಳುವ ಮಾರ್ಚ್ ಬ್ರೌನ್, ಐರನ್ ಬ್ಲೂ ಮುಂತಾದ ನೊಣಗಳ ಹೆಸರನ್ನು ನಾವು ಆಗ ಬಾಯಿಪಾಠ ಒಪ್ಪಿಸಬಲ್ಲವರಾಗಿದ್ದೆವು. ನಾವು ಹುಟ್ಟಿ ಬೆಳೆದ ಸೀಮೆಯ ಕೆರೆಯಲ್ಲಿ ಯಾವ ತಿಂಗಳು ಯಾವ ಹುಳು ಏಳುತ್ತದೆ ಎಂದು ಕೇಳಿದರೆ ಮೌನ. ವಿಶ್ವವಿದ್ಯಾನಿಲಯದ ಪದವಿಯನ್ನು ಪಡೆದು, ಇಪ್ಪತ್ತು ವರ್ಷ ಪಾಠ ಹೇಳಿದ ಮೇಲೆ, ತೂಬಿನ ಪಕ್ಕದಲ್ಲಿ ಕುಳಿತು ನಾವು ಮೊದಲ ತರಗತಿಯ ಹುಡುಗರಾದೆವು.

“ಹಾಗಾದರೆ ನಮ್ಮೂರಿನದು ಯಾವುದು ಯಜಮಾನರೆ?” ಎಂದು ಕೇಳಿದೆವು. ಅವರು ನಕ್ಕು, “ಮಳೆ ಬರ್ಲಿ, ತೋರಿಸ್ತೀನಿ” ಎಂದರು. ಅಂದಿನಿಂದ ಎರಡು ವರ್ಷ ಬಿಡುವು ದೊರೆತಾಗಲೆಲ್ಲ ಕೆರೆಗಳ ಅಂಚಿನಲ್ಲಿ ಅಲೆದೆವು. ಶಿರಾದ ಕಡೆ, ಕೊರಟಗೆರೆಯ ತೀತಾ ಜಲಾಶಯದ ಬಳಿ, ಪಾವಗಡದಲ್ಲಿ ಉತ್ತರ ಪಿನಾಕಿನಿ ಹಾಯುವ ನಾಗಲಮಡಿಕೆಯ ಹತ್ತಿರ. ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿಗಳನ್ನು ದಾಟಿ ಪಿನಾಕಿನಿಯನ್ನು ಸೇರುವ ಜಯಮಂಗಲಿ ನದಿಯಲ್ಲಿ ವರ್ಷದ ಬಹುಭಾಗ ಮರಳೇ ಹೆಚ್ಚು. ಆದರೆ ನೀರು ನಿಂತ ಕಡೆಯಲ್ಲೆಲ್ಲ ಒಂದು ಪಂಚಾಂಗವುಂಟು. ಹದವಾದ ಮಳೆ ಬಿದ್ದು ನಿಂತ ಸಂಜೆ ಹುತ್ತಗಳಿಂದ ರೆಕ್ಕೆಯ ಗೆದ್ದಲು, ನಮ್ಮವರು ಈಚಲು ಹುಳು ಎನ್ನುವುದು, ಹೊಗೆಯಂತೆ ಏಳುತ್ತದೆ; ನೀರಿನ ಮೇಲೆ ಬಿದ್ದದ್ದಕ್ಕೆ ಮೀನುಗಳು ಮುಗಿಬೀಳುತ್ತವೆ. ಪೈರು ಬೆಳೆದಂತೆ ಹೊಲದ ಮಿಡತೆ ಗಾಳಿಗೆ ತೂರಿ ಕೆರೆಗೆ ಬೀಳುತ್ತದೆ. ಹುಡುಗರು ಏರೋಪ್ಲೇನ್ ಚಿಟ್ಟೆ ಎನ್ನುವ ಕೀಟದ ಮರಿಗಳು ಜೊಂಡಿನ ಬುಡದಲ್ಲಿ ನೀರೊಳಗೇ ಬೇಟೆಯಾಡುತ್ತವೆ. ಕೆಸರಿನಲ್ಲಿ ನುಸಿಯ ಕೆಂಪು ಮರಿಗಳು. ಟ್ರೌಟಿನ ತೊರೆಯಲ್ಲಿ ಹೇಗೋ ಹಾಗೆಯೇ ಇಲ್ಲಿಯೂ ತಿಂಗಳಿಗೊಂದು ಹುಳು. ಬರೆದಿಟ್ಟವರು ಮಾತ್ರ ಇಲ್ಲ.

ಇಲ್ಲವೇ ಇಲ್ಲವೆಂದೂ ಹೇಳಲಾಗದು. ದಕ್ಷಿಣ ಕೆನರಾ ಜಿಲ್ಲೆಯಲ್ಲಿ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬಾತನು ೧೮೭೩ರಲ್ಲಿ ಮಂಗಳೂರಿನಲ್ಲಿ ‘ದಿ ರಾಡ್ ಇನ್ ಇಂಡಿಯಾ’ ಎಂಬ ಗ್ರಂಥವನ್ನೂ, ೧೮೮೭ರಲ್ಲಿ ಕೆರೆಗಳ ಗಾಳದ ಬೇಟೆಯನ್ನೇ ಕುರಿತು ಮತ್ತೊಂದನ್ನೂ ಪ್ರಕಟಿಸಿದನು. ಪರದೇಶದವನೊಬ್ಬನು ನಮ್ಮ ನೀರಿನ ದಡದಲ್ಲಿ ಕುಳಿತು, ನಮ್ಮ ಮೀನು ಏನು ತಿನ್ನುತ್ತದೆಂದು ಶ್ರದ್ಧೆಯಿಂದ ನೋಡಿ ಬರೆದನು. ಅವನ ಭಾಷೆಯನ್ನು ಕಲಿತ ನಾವು ಅವನ ದೇಶದ ನೊಣಗಳನ್ನು ಉರುಹೊಡೆದೆವು. ಇಬ್ಬರೂ ಓದುಗರೇ, ಆದರೆ ಒಬ್ಬನು ಕೆರೆಯನ್ನೂ ಓದಿದನು.

ಕಡೆಗೆ ನಾವು ಕಟ್ಟಿದ ಈಚಲು ಹುಳುವಿನ ವಿವರ ಇದು. ಶಿರಾ, ಪಾವಗಡಗಳ ಕಡೆ ಕಂಬಳಿಗಾಗಿ ಕತ್ತರಿಸುವ ಕುರಿಯ ಕಂದುಗಪ್ಪು ಉಣ್ಣೆ ಮೈಗೆ. ಸುತ್ತಲು ನಮ್ಮ ಸೀಮೆಯದೇ ರೇಷ್ಮೆಯ ದಾರ. ಮೈಗಿಂತ ಉದ್ದವಾಗಿ ಬೆನ್ನಿನ ಮೇಲೆ ಚಪ್ಪಟೆಯಾಗಿ ಮಲಗುವಂತೆ ಹುಂಜದ ಎರಡು ಮಸುಕು ಗರಿ. ಕಾಲಿಗೆ ಅದೇ ಹುಂಜದ ಕತ್ತಿನ ಗರಿ. ಉಣ್ಣೆ ಮತ್ತು ಹುಂಜದ ಎರಡು ಗರಿ! ಈಲಿಯನ್ ವರ್ಣಿಸಿದ ಸಾಮಗ್ರಿಯೇ ಸಾವಿರದ ಎಂಟುನೂರು ವರ್ಷಗಳ ಮೇಲೆ ನಮ್ಮ ಮನೆಯ ಹಿತ್ತಲಲ್ಲಿ ದೊರೆಯಿತು. ಕಾಡುಪ್ರಾಣಿಯ ಒಂದು ಕೂದಲೂ ಬೇಕಾಗಲಿಲ್ಲ. ಮಧುಗಿರಿಯ ಮೈದನಹಳ್ಳಿಯ ಕೃಷ್ಣಮೃಗಗಳು ನಿಶ್ಚಿಂತೆಯಾಗಿರಬಹುದು. ಮಳೆ ನಿಂತ ಒಂದು ಸಂಜೆ ಅದನ್ನು ಆ ವೃದ್ಧರಿಗೆ ತೋರಿಸಿದೆವು. ಅವರು ನೋಡಿ, “ಹುಳ ಸರಿ ಮೇಷ್ಟ್ರೇ, ಕಾಲು ಜಾಸ್ತಿ ಆಯ್ತು” ಎಂದರು. ಹೌದು, ಹುಳುವಿಗೆ ಆರು ಕಾಲು, ನಾವು ಅರುವತ್ತು ಕಟ್ಟಿದ್ದೆವು. ಅಲ್ಲಿಯೇ ಕತ್ತರಿಯಿಂದ ಎಳೆಗಳನ್ನು ಸವರಿದೆವು. ಆ ಸಂಜೆ ಅಂಗೈಯುದ್ದದ ಒಂದು ಗೆಂಡೆ ನಮ್ಮ ಹುಳುವನ್ನು ನಿಜವೆಂದು ನಂಬಿತು. ಪರೀಕ್ಷೆಯಲ್ಲಿ ಪ್ರಥಮ ದರ್ಜೆ ಬಂದ ದಿನವೂ ನಮಗೆ ಅಷ್ಟು ಸಂತೋಷವಾಗಿರಲಿಲ್ಲ.

ಈಗ ಒಂದು ತಪ್ಪೊಪ್ಪಿಗೆ. ಜಿಗ್‌ಗಳಿಗೆ ನಾವು ಮೊದಲು ಸೀಸವನ್ನೇ ಬಳಸಿದೆವು. ಶಿರಾ ಕಡೆಯ ಕೆರೆಯೊಂದರಲ್ಲಿ ದಾರ ಹರಿದು ಐದಾರು ಗುಂಡುಗಳು ತಳ ಸೇರಿದವು. ಅದೇ ವರ್ಷ ಶಿರಾ ತಾಲ್ಲೂಕಿನ ಕಗ್ಗಲಡು ಗ್ರಾಮಕ್ಕೆ ಹೋಗಿದ್ದೆವು. ಅಲ್ಲಿ ಊರ ನಡುವಣ ಹುಣಿಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿ ಮರಿ ಮಾಡುತ್ತವೆ; ಊರವರು ಅವನ್ನು ಮಕ್ಕಳಂತೆ ಕಾಯುತ್ತಾರೆ. ತಾಯಿ ಕೊಕ್ಕರೆ ಕೆರೆಯಿಂದ ಬಂದು ಮರಿಗಳ ಮುಂದೆ ಮೀನನ್ನು ಕಕ್ಕುವುದನ್ನು ನೋಡುತ್ತಿದ್ದಂತೆ, ನಮ್ಮ ಸೀಸದ ಗುಂಡುಗಳ ನೆನಪಾಗಿ ಎದೆ ಝಲ್ಲೆಂದಿತು. ಇಂಗ್ಲೆಂಡಿನಲ್ಲಿ ಗಾಳದ ಬೇಟೆಗಾರರು ಕಳೆದ ಸೀಸವನ್ನು ನುಂಗಿ ಹಂಸಗಳು ಸತ್ತದ್ದರಿಂದಲೇ ೧೯೮೭ರಲ್ಲಿ ಅಂಥ ಸಣ್ಣ ಸೀಸದ ಗುಂಡುಗಳ ಮಾರಾಟವನ್ನು ನಿಷೇಧಿಸಿದರು. ಇದು ನಮಗೆ ಪುಸ್ತಕದಿಂದ ಗೊತ್ತಿದ್ದ ಸಂಗತಿ. ಆದರೆ ನಮ್ಮ ಕೆರೆಗೂ ಅದಕ್ಕೂ ಸಂಬಂಧವಿದೆಯೆಂದು ಹೊಳೆದದ್ದು ಹುಣಿಸೆಮರದ ಕೆಳಗೆ. ಈಗ ನಮ್ಮ ಜಿಗ್‌ಗಳಿಗೆ ಎತ್ತಿನ ಕೊರಳಿಗೆ ಕಟ್ಟುವ ಹಿತ್ತಾಳೆಯ ಮಣಿಯೇ ತಲೆ. ಕಟ್ಟುವ ಆಸೆಯುಳ್ಳವರು ದಯವಿಟ್ಟು ಸೀಸವನ್ನು ಮುಟ್ಟಬೇಡಿರಿ. ಕಳೆದುಹೋದ ಆ ಐದಾರು ಗುಂಡುಗಳನ್ನು ನಾವು ಮರಳಿ ತರಲಾರೆವು.

ಕೊರವ ಮೀನಿನ ವಿಷಯದಲ್ಲಿಯೂ ಒಂದು ಮಾತು. ಪಾವಗಡದ ತೆಲುಗು ಮನೆಗಳಲ್ಲಿ ಇದನ್ನು ಕೊರ್ರಮೀನು ಎನ್ನುತ್ತಾರೆ. ಇದು ನೀರಿನ ಮೇಲಕ್ಕೆ ಬಂದು ಗಾಳಿಯನ್ನು ಕುಡಿಯುವ ಮೀನಾದ್ದರಿಂದ, ಬತ್ತುತ್ತಿರುವ ಕೆರೆಯ ಕೆಸರಿನಲ್ಲೂ ಬಹುಕಾಲ ಬದುಕಬಲ್ಲುದು. ಬರದ ಸೀಮೆಗೆ ತಕ್ಕ ಪ್ರಜೆ. ಇದಕ್ಕೆ ಜೀವಂತ ಕಪ್ಪೆಯನ್ನು ಗಾಳಕ್ಕೆ ಚುಚ್ಚಿ ಬಿಡುವುದು ವಾಡಿಕೆ. ಉಣ್ಣೆಯ ಕಪ್ಪೆಯೊಂದನ್ನು ಕಟ್ಟಿ ಆ ಹಿಂಸೆಯನ್ನಾದರೂ ತಪ್ಪಿಸಬಹುದು. ಆದರೆ ಕೊರವ ತನ್ನ ಮರಿಗಳನ್ನು ಕಾಯುವ ತಂದೆತಾಯಿ. ಕೆಂಬಣ್ಣದ ಮರಿಗಳ ಗುಂಪು ನೀರಿನ ಮೇಲೆ ಕುದಿಯುವಂತೆ ಕಂಡಾಗ ಕೆಳಗೆ ಕಾವಲು ಇದ್ದೇ ಇರುತ್ತದೆ. ಆಗ ಗಾಳ ಬಿಟ್ಟರೆ ಅದು ಎರೆಯ ಆಸೆಗಲ್ಲ, ಮರಿಗಳ ಮೇಲಣ ಮಮತೆಗೆ ಎರಗಿ ಸಿಕ್ಕಿಬೀಳುತ್ತದೆ. ಅಂಥ ಜಯ ನಮಗೆ ಬೇಡ.

ಗರಿಯ ಹುಳುವಾದರೂ ಕಡೆಗೆ ಮೋಸವೇ, ಮೀನಿಗೆ ನೋವೇ ಎಂದು ಶ್ರೋತೃಗಳಲ್ಲಿ ಕೆಲವರು ಹೇಳಬಹುದು. ಅದನ್ನು ನಾವು ಅಲ್ಲಗಳೆಯಲಾರೆವು. ಗಾಳದ ಹಿಮ್ಮುಳ್ಳನ್ನು ಇಕ್ಕಳದಿಂದ ಅದುಮಿ ಚಪ್ಪಟೆ ಮಾಡಿಕೊಳ್ಳುತ್ತೇವೆ. ತಿನ್ನುವಷ್ಟನ್ನು ಮಾತ್ರ ಹಿಡಿಯುತ್ತೇವೆ. ಉಳಿದದ್ದನ್ನು ಒದ್ದೆ ಕೈಯಿಂದ ಬೇಗನೆ ನೀರಿಗೆ ಬಿಡುತ್ತೇವೆ. ಇತ್ತೀಚೆಗೆ ಕಟ್ಟುವ ದಿನಗಳು ಹೆಚ್ಚಾಗಿ ಹಿಡಿಯುವ ದಿನಗಳು ಕಡಮೆಯಾಗಿವೆ. ಹುಳುವನ್ನು ನೋಡುವ ಸಂತೋಷವೇ ಬಹುಮಟ್ಟಿಗೆ ಸಾಕಾಗುತ್ತದೆ.

ಚಿಂತೆ ಬೇರೊಂದುಂಟು. ೧೯೫೨ರಲ್ಲಿ ನಮ್ಮ ದೇಶಕ್ಕೆ ತಂದ ತಿಲಾಪಿಯ, ಸರ್ಕಾರವು ನಿಷೇಧಿಸಿದ ಮೇಲೂ ಕದ್ದು ಸಾಕುವ ಆಫ್ರಿಕಾದ ಕ್ಯಾಟ್‌ಫಿಶ್ ಮುಂತಾದುವು ಕೆರೆಗಳಿಗೆ ನುಗ್ಗಿ ಹಳೆಯ ಮೀನುಗಳ ಜಾಗವನ್ನು ಆಕ್ರಮಿಸುತ್ತಿವೆ. ಹೂಳು ತುಂಬಿದ ಕೆರೆಗಳಲ್ಲಿ ಜೊಂಡಿನ ಬುಡದ ಹುಳುಗಳಿಗೆ ಎಡೆಯಿಲ್ಲ. ಯಾವ ಕೆರೆಯಲ್ಲಿ ಯಾವುದು ಇತ್ತು ಎಂಬುದು ಕೆಲವು ಮುದುಕರ ನೆನಪಿನಲ್ಲಿ ಮಾತ್ರ ಉಳಿದಿದೆ. ಕಳೆದ ವರ್ಷ ನಮ್ಮ ತರಗತಿಯ ನಲವತ್ತು ವಿದ್ಯಾರ್ಥಿಗಳನ್ನು, ನಿಮ್ಮ ಊರ ಕೆರೆಯ ಐದು ಹುಳುಗಳ ಹೆಸರು ಬರೆಯಿರಿ ಎಂದು ಕೇಳಿದೆವು. ಬರೆದವರು ಮೂವರು, ಮೂವರೂ ದನ ಕಾಯ್ದ ಮನೆಯವರು. ಉಳಿದವರನ್ನು ನಾವು ಗದರಿಸಲಿಲ್ಲ. ಅವರ ಗುರುವೇ ತೂಬಿನ ಪಕ್ಕದಲ್ಲಿ ನಪಾಸಾದವನಲ್ಲವೆ?

ಆದ್ದರಿಂದ, ಗಾಳ ಹಿಡಿಯುವ ಆಸೆ ನಿಮಗೆ ಇರಲಿ ಇಲ್ಲದಿರಲಿ, ಈ ವರ್ಷ ಮಳೆ ನಿಂತ ಒಂದು ಸಂಜೆ ನಿಮ್ಮ ಊರಿನ ಕೆರೆಯ ಏರಿಯ ಮೇಲೆ ಅರ್ಧ ಗಂಟೆ ಕುಳಿತುಕೊಳ್ಳಿರಿ. ನೀರಿನ ಮೇಲೆ ಏನು ಬೀಳುತ್ತದೆ, ಅದಕ್ಕೆ ಯಾರು ಬಾಯಿ ಹಾಕುತ್ತಾರೆ ಎಂಬುದನ್ನು ನೋಡಿ ದಿನಾಂಕ ಹಾಕಿ ಬರೆದಿಡಿರಿ. ಪಕ್ಕದಲ್ಲಿ ಬಿದಿರುಕೋಲು ಹಿಡಿದ ವೃದ್ಧರು ಯಾರಾದರೂ ಇದ್ದರೆ ಅವರನ್ನು ಕೇಳಿರಿ. ನಮ್ಮ ಡಬ್ಬಿಯಲ್ಲಿ ಈಗ ಹನ್ನೊಂದು ಬಗೆಯ ಹುಳುಗಳಿವೆ. ಹತ್ತು ನಮ್ಮ ಸೀಮೆಯವು. ಹನ್ನೊಂದನೆಯದು ಆ ಕೆಂಪು ಬಿಳುಪಿನ ಸುಂದರಿ. ಅದನ್ನು ಬಿಸಾಡಲಿಲ್ಲ, ಇದು ಯಾವೂರ ಹುಳ ಎಂದು ಮತ್ತೆ ಯಾರಾದರೂ ಕೇಳಿದರೆ, ಈಗ ನಾವು ಹೇಳಬಲ್ಲೆವು.